ಮಳೆಗಾಲ, ಪೋರ್ಷನ್ ಮತ್ತು ತಲೆಬಿಸಿ: ನನ್ನ ಅನುಭವ

ಹೊಸನಗರದ ಕಡೆ ಇಬ್ಬರೇ ಮೇಷ್ಟ್ರು ಇರುವ ಸಣ್ಣ ಶಾಲೆ ನಮ್ಮದು. ಒಂದರಿಂದ ಐದನೇ ತರಗತಿ. ಜುಲೈನಲ್ಲಿ ಹಳ್ಳ ತುಂಬಿದರೆ ಕಾಲುಸಂಕದ ಆಚೆಯ ಮಕ್ಕಳು ಬರುವುದಿಲ್ಲ. ಅತ್ತ ವಾಟ್ಸಾಪ್‌ನಲ್ಲಿ ಮೇಲಧಿಕಾರಿಗಳಿಂದ 'ಮಾಹಿತಿ ಇವತ್ತೇ ಕಳಿಸಿ' ಎಂಬ ಮೆಸೇಜ್. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬುವ ಎಸ್‌ಎಟಿಎಸ್. ನೆಟ್‌ವರ್ಕ್ ಸಿಗುವುದು ಗುಡ್ಡದ ತಿರುವಿನಲ್ಲಿ ಮಾತ್ರ.

ಪಾಸಿಟಿವ್ ಆಗಿರಿ, ಎಲ್ಲ ಸರಿಹೋಗುತ್ತೆ ಅನ್ನುವ ಬುದ್ಧಿಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮನೋವಿಜ್ಞಾನಿಗಳಾದ ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿ ಹೇಳಿದ್ದು ಇದಕ್ಕಿಂತ ಉಪಯೋಗದ್ದು. ಎದುರಿಗಿರುವ ಕೆಲಸ ಎಷ್ಟು ದೊಡ್ಡದು, ಅದಕ್ಕೆ ನನ್ನ ಕೈಲಿ ಏನಿದೆ, ಇವೆರಡನ್ನೂ ನಾವು ಅಳೆಯುವ ರೀತಿಯ ಮೇಲೆ ಒತ್ತಡ ಹೆಚ್ಚು ಕಮ್ಮಿ ಆಗುತ್ತದಂತೆ.

ನಾನು ಅಳೆಯುವ ರೀತಿ ಬದಲಾದದ್ದು ನಲಿ-ಕಲಿಯಿಂದ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಕಲಿಯುವುದನ್ನೆಲ್ಲ ಸಣ್ಣ ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದ್ದೇ ಮೆಟ್ಟಿಲು. ಮಳೆಗೆ ವಾರಗಟ್ಟಲೆ ಬಾರದ ಹುಡುಗಿ ಬಂದವಳೇ ತನ್ನ ಮೆಟ್ಟಿಲಿನ ಕಾರ್ಡ್ ಎತ್ತಿಕೊಂಡು ಬಿಟ್ಟಲ್ಲಿಂದ ಮುಂದುವರಿಸುತ್ತಾಳೆ. ಅವಳಿಗೂ ಗಾಬರಿಯಿಲ್ಲ, ನನಗೂ ಇಲ್ಲ. ನಾಲ್ಕು, ಐದರಲ್ಲಿ ಹಾಗಲ್ಲ. ಪಾಠ ಓಡುತ್ತಿರುತ್ತದೆ, ಮಗು ಮನೆಯಲ್ಲಿ. ನನ್ನ ತಲೆಬಿಸಿಯೆಲ್ಲ ಅಲ್ಲೇ ಇತ್ತು.

ಹಾಗಾಗಿ ಆ ಮಕ್ಕಳಿಗೂ ಮಳೆಗಾಲದಲ್ಲಿ ಅದೇ ಲೆಕ್ಕ ಇಟ್ಟೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಹೆಸರಿನ ಎದುರು ಬರೆದುಕೊಳ್ಳುವುದು, ಅಷ್ಟೇ. ಇವನಿಗೆ ಭಾಗಾಕಾರ ಬಾಕಿ, ಇವಳಿಗೆ ಒತ್ತಕ್ಷರ. 'ಪೋರ್ಷನ್ ಇನ್ನೂ ಎಷ್ಟಿದೆ' ಎಂದು ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಒತ್ತಕ್ಷರ ಬಾಕಿ ಅಂದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಅಲ್ವಾ?

ಮಾಹಿತಿ ಕಳಿಸುವ ಕೆಲಸಕ್ಕೆ ಈ ಉಪಾಯ ನಡೆಯಲಿಲ್ಲ. ಅದನ್ನು ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ಅಕ್ಕೋರು ಮತ್ತು ನಾನು ಹಂಚಿಕೊಂಡೆವು. ಪಾಠದ ಹೊತ್ತಿನಲ್ಲಿ ಫೋನ್ ಬೀರುವಿನೊಳಗೆ. ಸಂಜೆ ತಿರುವಿನಲ್ಲಿ ಬೈಕ್ ನಿಲ್ಲಿಸಿ ಕಳಿಸುತ್ತೇನೆ. 'ಸಂಜೆ ಬರುತ್ತೆ ಸರ್' ಎಂದು ಮೊದಲೇ ಹೇಳಿಟ್ಟಿರುವುದರಿಂದ ಜಾಸ್ತಿ ಫೋನ್ ಬರುವುದಿಲ್ಲ.

ಒಬ್ಬರು ರಜೆ ಹಾಕಿದ ದಿನ ಮಾತ್ರ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ. ಆ ಸುಸ್ತನ್ನು ಹೇಗೆ ನೋಡಿದರೂ ಸುಸ್ತೇ. ಅದಕ್ಕೆ ಒಬ್ಬ ಅತಿಥಿ ಶಿಕ್ಷಕರು ಬೇಕು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಬರೆಸಿ ಅರ್ಜಿ ಕೊಟ್ಟಿದ್ದೇವೆ.