ಬಚ್ಚಲ ನೊಣಕ್ಕೆ ಬ್ರಷ್ಷೇ ಮದ್ದು

ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಅವನ್ನು ಮೊದಲ ಸಲ ಗಮನಿಸಿದೆ. ಬಚ್ಚಲ ಗೋಡೆಯ ಬಿಳಿ ಟೈಲ್ಸ್ ಮೇಲೆ ಎಳ್ಳುಕಾಳಿನಷ್ಟು ಗಾತ್ರದ ನಾಲ್ಕೈದು ಬೂದು ಚುಕ್ಕೆಗಳು. ಹತ್ತಿರ ಹೋಗಿ ನೋಡಿದರೆ ಮೈತುಂಬ ಕೂದಲಿರುವ ಪುಟ್ಟ ಪತಂಗದ ಹಾಗೆ ಇದ್ದವು. ಬೆರಳಿಂದ ಒತ್ತಿದರೆ ಟೈಲ್ಸ್ ಮೇಲೆ ಬೂದಿ ಸವರಿದಂಥ ಕಲೆ ಉಳಿಯುತ್ತಿತ್ತು.

ನಾನು ಸೊಳ್ಳೆ ಅಂದುಕೊಂಡೆ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ‘ಇವು ಗುಂಗಾಡಲ್ಲವ್ವಾ, ಕಡಿಯಂಗಿಲ್ಲ. ಸುಮ್ನೆ ಗೋಡಿಗೆ ಕುಂದ್ರತಾವ’ ಅಂದರು. ಅವರು ಹೇಳಿದ್ದು ಸರಿ. ಬಚ್ಚಲ ನೊಣ ಕಚ್ಚುವುದಿಲ್ಲ. ಇದೇ ಕುಟುಂಬಕ್ಕೆ ಸೇರಿದ ನೆಂಟ ಮರಳು ನೊಣ ಕಚ್ಚುತ್ತದೆ, ಅದು ಬೇರೆ.

ಹತ್ತು ದಿನದಲ್ಲಿ ನಾಲ್ಕೈದು ಇದ್ದದ್ದು ಮೂವತ್ತು ನಲವತ್ತು ಆಯಿತು. ಅಡಿಗೆಮನೆ ಸಿಂಕ್ ಹತ್ತಿರ ಬಂದವು. ಆಮೇಲೆ ಅತ್ತೆ ಮಲಗುವ ಕೋಣೆಗೂ ಬಂದವು. ಅತ್ತೆಗೆ ದಮ್ಮು ಇದೆ. ಸತ್ತ ನೊಣಗಳ ಒಣಗಿದ ಕೂದಲು, ರೆಕ್ಕೆ ಪುಡಿಯಾಗಿ ಗಾಳಿಗೆ ಸೇರಿದರೆ ದಮ್ಮು ಇರುವವರಿಗೆ ತೊಂದರೆ ಆಗಬಹುದು ಅಂತ ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸ್ಪ್ರೇ ಹೊಡೆದೆ. ಗೋಡೆ ಮೇಲಿದ್ದವು ಬಿದ್ದವು, ಮರುದಿನ ಬೆಳಿಗ್ಗೆ ಅಷ್ಟೇ ಹೊಸವು. ಫಿನಾಯಿಲ್ ಸುರಿದೆ. ಬ್ಲೀಚಿಂಗ್ ಪೌಡರ್ ಕಲಸಿ ಹಾಕಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಬಚ್ಚಲಿಗೆ ಸುರಿದೆ. ಸೋಡಾ ಪುಡಿ ಹಾಕಿ ವಿನೆಗರ್ ಹುಯ್ದಾಗ ಬುಸ್ಸೆಂದು ನೊರೆ ಬಂತು, ಅದನ್ನು ನೋಡಿ ಖುಷಿಯೂ ಆಯಿತು. ನೊಣ ಮಾತ್ರ ಹಾಗೇ ಇದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಂದು ಸಂಜೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಮರೆತು, ಅದರ ಮೇಲೆಯೇ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದುಬಿಟ್ಟೆ. ಒಂದೇ ಕ್ಷಣಕ್ಕೆ ಗಂಟಲು ಉರಿದು, ಕಣ್ಣಲ್ಲಿ ನೀರು ಬಂತು. ಬಾಗಿಲು ತೆರೆದಿಟ್ಟು ಹೊರಗೆ ಓಡಿದೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಕುದಿಯುವ ನೀರೂ ಬೇಡ. ಪಿವಿಸಿ ಪೈಪಿಗೆ 60 ಡಿಗ್ರಿ ದಾಟಿದ ಬಿಸಿ ಒಳ್ಳೆಯದಲ್ಲ, ಜೋಡಣೆ ಸಡಿಲಾಗುತ್ತದೆ.

ದಾರಿ ತೋರಿಸಿದ್ದು ನಲ್ಲಿ ರಿಪೇರಿಗೆ ಬಂದ ಹುಡುಗ. ಗೋಡೆ ನೋಡಿದವನೇ, ‘ಅಕ್ಕಾರ, ನೀವು ಎಷ್ಟು ಫಿನಾಯಿಲ್ ಹಾಕಿದ್ರೂ ಅಷ್ಟೇರಿ. ಜಾಲಿ ತೆಗದು ಬಟ್ಟಲ ನೋಡ್ರಿ’ ಅಂದ. ಹೊಸ ನಲ್ಲಿ ಕೂಡಿಸಿ ಹೊರಟುಹೋದ. ನಾನು ಅವತ್ತು ಮಧ್ಯಾಹ್ನವೇ ಟಾರ್ಚ್ ಹಿಡಿದು ಕೂತೆ.

ಬಚ್ಚಲ ಮೂಲೆಯ ಜಾಲಿ ಎತ್ತಿದರೆ ಕೆಳಗೆ ಒಂದು ಬಟ್ಟಲು ಇರುತ್ತದೆ, ಅಂಗಡಿಯವರು ನಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದು. ಅದರ ಒಳಗೋಡೆಗೆ ಬೆರಳು ದಪ್ಪದ ಕಪ್ಪು ಲೋಳೆ. ಸೋಪು, ಕೂದಲು, ಮೈಯ ಕೊಳೆ ಎಲ್ಲ ಸೇರಿ ಗಂಜಿಯ ಹಾಗೆ ಗಟ್ಟಿಯಾಗಿತ್ತು. ಹಳೆಯ ಚಮಚದಿಂದ ಒಂದು ಚೂರು ಕೆರೆದು ಬಿಳಿ ತಟ್ಟೆಗೆ ಹಾಕಿ, ಮೇಲೆ ಎರಡು ಹನಿ ನೀರು ಬಿಟ್ಟೆ. ಲೋಳೆ ಬಿಚ್ಚಿಕೊಂಡಿತು. ಒಳಗಿಂದ ದಾರದ ತುಣುಕಿನಂಥ ಬೂದು ಹುಳುಗಳು ಹೊರಬಂದವು. ಬಾಲದ ತುದಿ ಕಪ್ಪು. ಒಂದು ಚೂರಿನಲ್ಲೇ ಒಂಬತ್ತು ಎಣಿಸಿದೆ.

ಆಗ ಎಲ್ಲ ಅರ್ಥವಾಯಿತು. ಗೋಡೆ ಮೇಲಿನ ನೊಣ ಬರೀ ನೆರಳು, ಮನೆ ಇರುವುದು ಲೋಳೆಯಲ್ಲಿ. ಹುಳು ಲೋಳೆಯೊಳಗೆ ಹುದುಗಿ, ಬಾಲದ ತುದಿಯ ಕೊಳವೆಯನ್ನು ಮಾತ್ರ ಮೇಲಿಟ್ಟು ಉಸಿರಾಡುತ್ತದೆ. ನಾವು ಸುರಿದ ಫಿನಾಯಿಲ್ ಪೈಪಿನ ನಡುವೆ ಹರಿದು ಹೋಗುತ್ತದೆ, ಲೋಳೆಯ ಒಳಗೆ ಇಳಿಯುವುದೇ ಇಲ್ಲ. ದೊಡ್ಡ ನೊಣದ ಮೈಮೇಲಿನ ಕೂದಲಿಗೂ ನೀರು ಅಂಟುವುದಿಲ್ಲ. ಚೊಂಬು ನೀರು ಎರಚಿದರೂ ಹಾರಿಹೋಗುತ್ತವೆ, ನೀವೂ ನೋಡಿರುತ್ತೀರಿ.

ನಮ್ಮ ಮನೆಯಲ್ಲಿ ನೀರು ಹೊರಹೋಗುವ ಕಿಂಡಿ ಆರು ಇವೆ. ಯಾವುದರಿಂದ ಬರುತ್ತಿವೆ ಅಂತ ಗೊತ್ತಾಗಬೇಕಿತ್ತು. ಟೇಪು ಅಂಟಿಸಿ ನೋಡಿದೆ, ಒದ್ದೆ ನೆಲಕ್ಕೆ ಹಿಡಿಯಲಿಲ್ಲ. ಆಮೇಲೆ ಸಿಹಿತಿಂಡಿ ಕಟ್ಟಿಕೊಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳಿದ್ದವಲ್ಲ, ಅವುಗಳ ಒಳಗೆ ಕೊಬ್ಬರಿ ಎಣ್ಣೆ ಸವರಿ, ರಾತ್ರಿ ಎಲ್ಲರ ಕೆಲಸ ಮುಗಿದ ಮೇಲೆ ಒಂದೊಂದು ಕಿಂಡಿಗೆ ಬೋರಲು ಹಾಕಿದೆ. ಬೆಳಿಗ್ಗೆ ನೋಡಿದರೆ ಬಚ್ಚಲ ಡಬ್ಬಿಯಲ್ಲಿ ಹನ್ನೊಂದು ನೊಣ. ಸಿಂಕಿನಲ್ಲಿ ಎರಡು. ಮಹಡಿ ಮೇಲೆ ನೆಂಟರಿಗೆಂದು ಕಟ್ಟಿದ, ಯಾರೂ ಬಳಸದ ಬಚ್ಚಲಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ! ಉಳಿದ ಮೂರರಲ್ಲಿ ಏನೂ ಇಲ್ಲ. ನಾಲ್ಕು ರಾತ್ರಿ ಹೀಗೇ ಇಟ್ಟು ನೋಡಿ, ಒಂದೇ ರಾತ್ರಿಗೆ ತೀರ್ಮಾನಕ್ಕೆ ಬರಬೇಡಿ.

ಮಹಡಿ ಬಚ್ಚಲದ ಕಥೆ ನಮ್ಮ ರಾಯಚೂರಿನ ಬಿಸಿಲಿನ ಕಥೆ. ಟ್ರ್ಯಾಪಿನ ಬಟ್ಟಲಲ್ಲಿ ಎರಡು ಇಂಚು ನೀರು ನಿಂತಿದ್ದರೆ ಗಟಾರದ ವಾಸನೆ, ಹುಳ ಮೇಲೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಳಸದ ಬಚ್ಚಲಲ್ಲಿ ಆ ನೀರು ಆರಿ ಹೋಗಿತ್ತು. ದಾರಿ ತೆರೆದಂತಾಯಿತು. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರಲ್ಲ. ಹಾಗಾಗಿ ನೀರು ಉಳಿಸೋಣ ಅಂತ ಆ ಬಚ್ಚಲಿಗೆ ತಿಂಗಳುಗಟ್ಟಲೆ ಒಂದು ಚೊಂಬು ನೀರೂ ಹಾಕಿರಲಿಲ್ಲ.

ತೀನ್ ಕಂದಿಲ್ ಹತ್ತಿರದ ಅಂಗಡಿಯಲ್ಲಿ ಉದ್ದ ಹಿಡಿಯ ಬಾಟಲಿ ಬ್ರಷ್ ಎರಡು, ರಬ್ಬರ್ ಕೈಗವಸು ತಂದೆ. ಬಚ್ಚಲಿಗೆ ಒಂದು, ಸಿಂಕಿಗೆ ಒಂದು, ಬೇರೆ ಬೇರೆ. ಮೊದಲು ಜಾಲಿ, ಬಟ್ಟಲು ತೆಗೆದು ಹೊರಗೆ ಬಿಸಿಲಲ್ಲಿಟ್ಟೆ. ಪೈಪಿನ ಬಾಯಿಂದ ಕೈ ಹೋಗುವಷ್ಟು ಒಳಗೆ ಚಮಚದಿಂದ ಲೋಳೆ ಕೆರೆದು ತೆಗೆದೆ. ಅದನ್ನು ನೀರಿನ ಜೊತೆ ಒಳಗೆ ತಳ್ಳದೆ ಹಳೆಯ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ, ಇಲ್ಲದಿದ್ದರೆ ಮುಂದಿನ ತಿರುವಿನಲ್ಲಿ ಮತ್ತೆ ಕೂರುತ್ತದೆ. ಆಮೇಲೆ ಸೋಪಿನ ಪುಡಿ ಹಚ್ಚಿ ಬ್ರಷ್ಷಿನಿಂದ ಸುತ್ತಲೂ ತಿಕ್ಕಿದೆ. ಪೈಪಿನ ಒಳಗೋಡೆ ಬೆರಳಿಗೆ ಜಾರದೆ ಕಿರ್ ಅನ್ನುವ ತನಕ ತಿಕ್ಕಬೇಕು. ಕೊನೆಗೆ ಕೈ ಸುಡದಷ್ಟು ಬಿಸಿಯ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿದೆ. ಒಂದು ಬಚ್ಚಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಜಾಲಿಯ ಸುತ್ತ ಟೈಲ್ಸಿಗೂ ಸಿಮೆಂಟಿಗೂ ನಡುವೆ ಸಣ್ಣ ಬಿರುಕಿತ್ತು. ಅದರೊಳಗೂ ಕೊಳೆನೀರು ಕೂತಿತ್ತು. ಒಣಗಿಸಿ ಬಿಳಿ ಸಿಮೆಂಟು ತುಂಬಿಸಿದೆವು.

ಸಿಂಕಿನಲ್ಲಿ ಸಿಕ್ಕ ಲೋಳೆ ಬೇರೆ ಬಣ್ಣದ್ದು, ತಿಳಿಕಂದು. ಕಾರಣ ಜೋಳದ ಹಿಟ್ಟು. ದಿನಾ ರೊಟ್ಟಿ ಬಡಿದ ಪರಾತವನ್ನು ಹಾಗೇ ಸಿಂಕಿನಲ್ಲಿ ತೊಳೆಯುತ್ತಿದ್ದೆವು. ಹಿಟ್ಟಿನ ನೀರು ಪೈಪಿಗೆ ಮೆತ್ತಿಕೊಂಡು ಹುಳಿ ಬರುತ್ತಿತ್ತು. ಈಗ ಪರಾತದ ಮೊದಲ ನೀರು ಹಿತ್ತಲ ಕರಿಬೇವಿನ ಗಿಡಕ್ಕೆ ಹೋಗುತ್ತದೆ.

ಇಷ್ಟಾದ ಮೇಲೆ ಬಚ್ಚಲಲ್ಲಿ ನೊಣ ಕಡಿಮೆಯಾದವು. ಅತ್ತೆ ಕೋಣೆಯಲ್ಲಿ ಮಾತ್ರ ಆಗಲಿಲ್ಲ. ಅಲ್ಲಿ ಬಚ್ಚಲೂ ಇಲ್ಲ, ಸಿಂಕೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮಂಚ ಸರಿಸಿದೆ, ಕುಂಡದ ಗಿಡ ಹೊರಗಿಟ್ಟೆ. ಮೂರನೆಯ ದಿನ ಕೂಲರಿಗೆ ನೀರು ತುಂಬುವಾಗ ಅದರ ಪಕ್ಕದ ಜಾಲಿಯ ಮೇಲೆ ಒಂದು ನೊಣ ಕೂತದ್ದು ಕಂಡಿತು. ಜಾಲಿ ಬಿಚ್ಚಿದೆ. ತಳದ ಟಬ್ಬಿನಲ್ಲಿ ಹುಲ್ಲಿನ ಪ್ಯಾಡಿನಿಂದ ಉದುರಿದ ಕಸ, ಧೂಳು ಸೇರಿ ಕಂದು ಲೋಳೆ ಕಟ್ಟಿತ್ತು. ಅದರಲ್ಲೂ ಅವೇ ಬೂದು ದಾರದ ಹುಳುಗಳು. ಆ ಗಾಳಿಯನ್ನೇ ಅತ್ತೆ ರಾತ್ರಿಯಿಡೀ ಕುಡಿಯುತ್ತಿದ್ದರಲ್ಲ ಅಂತ ನೆನೆದು ಹೊಟ್ಟೆ ತೊಳಸಿದಂತಾಯಿತು.

ಕೂಲರನ್ನು ಅಂಗಳಕ್ಕೆ ತಂದು ಟಬ್ಬು ತಿಕ್ಕಿ, ಒಂದು ದಿನ ಬಿಸಿಲಿಗೆ ಇಟ್ಟೆ. ಪ್ಯಾಡು ಹೊಸದು ಹಾಕಿಸಿದೆ. ಈಗ ವಾರಕ್ಕೊಮ್ಮೆ ಪೂರ್ತಿ ನೀರು ಖಾಲಿ ಮಾಡಿ ಒರೆಸದೆ ಮತ್ತೆ ತುಂಬುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ, ಆದರೆ ನೊಣ ಬಂದರೆ ಅದನ್ನು ಯಾರೂ ನೋಡುವುದಿಲ್ಲ. ದಯವಿಟ್ಟು ನೋಡಿ.

ತಿಕ್ಕಿದ ಮರುದಿನವೇ ನೊಣ ಮಾಯ ಆಗುತ್ತವೆ ಅಂದುಕೊಳ್ಳಬೇಡಿ. ಮೊಟ್ಟೆ ಒಡೆಯಲು ಸುಮಾರು ಎರಡು ದಿನ, ಹುಳು ಬೆಳೆಯಲು ಹತ್ತು ಹದಿನೈದು ದಿನ, ಕೋಶದಲ್ಲಿ ಒಂದೆರಡು ದಿನ. ಆಗಲೇ ಹಾರಾಡುತ್ತಿರುವ ನೊಣ ಎರಡು ವಾರದವರೆಗೂ ಬದುಕುತ್ತದೆ. ಹಾಗಾಗಿ ನಾನು ನಾಲ್ಕು ದಿನಕ್ಕೊಮ್ಮೆ ಬ್ರಷ್ ಹಾಕುತ್ತಾ ಮೂರು ವಾರ ನಡೆಸಿದೆ. ಮೊದಲ ವಾರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಅಲ್ಲಿಗೇ ಕೈಬಿಟ್ಟಿದ್ದರೆ ಕೆಲಸವೆಲ್ಲ ವ್ಯರ್ಥ ಆಗುತ್ತಿತ್ತು. ಎರಡನೆಯ ವಾರ ಡಬ್ಬಿಯಲ್ಲಿ ಮೂರು ಸಿಕ್ಕವು. ಮೂರನೆಯ ವಾರದ ಕೊನೆಗೆ ಎಣ್ಣೆ ಸವರಿದ ಡಬ್ಬಿ ಬೆಳಿಗ್ಗೆಯೂ ಹಾಗೇ ಹೊಳೆಯುತ್ತಿತ್ತು.

ಈಗ ಶುಕ್ರವಾರ ಮನೆ ತೊಳೆಯುವ ದಿನ ಮಹಡಿ ಬಚ್ಚಲಿಗೆ ಎರಡು ಚೊಂಬು ನೀರು ಹಾಕುತ್ತೇವೆ. ತರಕಾರಿ ತೊಳೆದ ನೀರಲ್ಲ, ಅದರಿಂದ ಮತ್ತೆ ಲೋಳೆ ಕಟ್ಟುತ್ತದೆ. ಬಟ್ಟೆ ಅಲುಬಿದ ಕೊನೆಯ ನೀರಾದರೆ ಸಾಕು. ಆ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ಮೊನ್ನೆ ಕೆಳಗೆ ಇಳಿದು ಬಂದು, ‘ಬಟ್ಟಲದಾಗ ನೀರು ನಿಂತದ ನೋಡವ್ವಾ, ಒಂದೂ ಹುಳ ಇಲ್ಲ’ ಅಂದರು.