ನಂದಿಯ ವೈನ್, ನಮ್ಮ ಮನೆಯ ಊಟ

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಹತ್ತಿರದ ಗ್ರೋವರ್ ಜಂಪಾ ವೈನರಿ ನೋಡಲು ಹೋಗಿದ್ದೆವು. ಬರುವಾಗ ಒಂದು ಬಾಟಲಿ ಲಾ ರಿಸರ್ವ್ ತಂದೆ. ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿ ಬೆರೆಸಿ, ಓಕ್ ಪೀಪಾಯಿಯಲ್ಲಿಟ್ಟು ಮಾಗಿಸಿದ ಕೆಂಪು ವೈನ್ ಅದು. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಅಂತ ಯಾರೋ ಹೇಳಿದ್ದರು. ಆ ಭಾನುವಾರ ನಾಟಿ ಕೋಳಿ ಸಾರು, ಮುದ್ದೆ ಮಾಡಿ, ನೆಂಟರಿಗೆ ಆ ವೈನನ್ನೇ ಕೊಟ್ಟೆ. ಎರಡು ಗುಟುಕಿಗೇ ಎಲ್ಲರ ಬಾಯಿ ಉರಿಯಿತು. ವೈನ್ ಬರೀ ಕಹಿ ಅನ್ನಿಸಿತು.

ತಪ್ಪು ವೈನಿನದಲ್ಲ, ಸಾರಿನದೂ ಅಲ್ಲ. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಟ್ಯಾನಿನ್ ಬರುತ್ತದೆ. ಅಡಿಕೆ ಜಗಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ವಾ, ಅದೇ ಒಗರು. ಮೆಣಸಿನಕಾಯಿಯ ಖಾರಕ್ಕೆ ಈ ಒಗರು, ಆಲ್ಕೋಹಾಲ್ ಎರಡೂ ಸೇರಿದರೆ ಉರಿ ಜಾಸ್ತಿಯಾಗುತ್ತದೆ.

ಆಮೇಲೆ ಸಸ್ಯಾಹಾರವೋ ಮಾಂಸವೋ ಅಂತ ನೋಡುವುದನ್ನೇ ಬಿಟ್ಟೆ. ಅಡುಗೆಯಲ್ಲಿ ಖಾರ ಎಷ್ಟು, ಹುಳಿ ಎಷ್ಟು, ಕೊಬ್ಬು ಎಷ್ಟು ಅಂತ ನೋಡತೊಡಗಿದೆ. ಒಂದು ಸಲಕ್ಕೆ ಒಂದೇ ಅಡುಗೆ, ಎರಡು ಬಗೆಯ ವೈನ್ ಅರ್ಧರ್ಧ ಲೋಟ. ಅನ್ನಿಸಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಮೊದಲು ಗೆದ್ದದ್ದು ಹೆಸರುಬೇಳೆ ಕೋಸಂಬರಿ. ನಿಂಬೆರಸ, ಕಾಯಿತುರಿ, ಜೊತೆಗೆ ಸಾವಿನ್ಯೋನ್ ಬ್ಲಾಂಕ್ ಅನ್ನುವ ತಣ್ಣಗಿನ ಬಿಳಿ ವೈನ್. ನಂದಿ ಬೆಟ್ಟದ ಕಡೆ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ರಾತ್ರಿಯ ತಂಪಿಗೆ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ. ಆ ಹುಳಿ ನಿಂಬೆಗೆ ಚೆನ್ನಾಗಿ ಹೊಂದುತ್ತದೆ. ಚಿತ್ರಾನ್ನಕ್ಕೂ ಇದೇ ವೈನ್ ಸರಿ. ಆದರೆ ಹುಣಸೆಹಣ್ಣು ಗಟ್ಟಿಯಾಗಿ ಬಿದ್ದ ಗೊಜ್ಜಿನ ಜೊತೆ ಕುಡಿದರೆ ನೀರಿನ ಹಾಗಾಗಿಬಿಡುತ್ತದೆ. ಅಡುಗೆಯ ಹುಳಿ ವೈನಿನ ಹುಳಿಯನ್ನು ಮೀರಬಾರದು.

ವಿಯೋನಿಯೆ ಅನ್ನುವ ಬಿಳಿ ವೈನಿಗೆ ಹೂವಿನ ಘಮ, ಹುಳಿ ಕಡಿಮೆ. ನೀರುದೋಸೆ, ತೆಂಗಿನ ಹಾಲಿನ ಸಾಗುವಿಗೆ ಅದನ್ನೇ ಇಡುತ್ತೇನೆ. ಕಾಣೆ ಮೀನಿನ ತವಾ ಫ್ರೈಗೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್.

ಕೆಂಪು ವೈನಿಗೆ ಕೊನೆಗೆ ಸಿಕ್ಕ ಜೋಡಿ ಕಾಳುಮೆಣಸಿನ ಮಟನ್ ಫ್ರೈ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಮಾಂಸದ ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ಇನ್ನೊಂದು ಗುಟ್ಟೂ ಇದೆ. ಕಾಳುಮೆಣಸಿಗೆ ಆ ಘಾಟು ಕೊಡುವ ರೊಟಂಡೋನ್ ಅನ್ನುವ ಅಂಶ ಶಿರಾಜ್ ದ್ರಾಕ್ಷಿಯಲ್ಲೂ ಇರುತ್ತದೆ. ಹಸಿಮೆಣಸು ಪೂರ್ತಿ ಬಿಟ್ಟು, ಕಾಳುಮೆಣಸು ಕುಟ್ಟಿ, ಒಲೆ ಆರಿಸುವ ಮುಂಚೆ ಹಾಕಿ. ಲೋಟದಲ್ಲೂ ತಟ್ಟೆಯಲ್ಲೂ ಒಂದೇ ಘಮ ಏಳುತ್ತದೆ.

ಕೆಂಪು ವೈನನ್ನು ಹಾಗೇ ಹೊರಗಿಟ್ಟು ಕುಡಿಯಬೇಕು ಅನ್ನುವುದು ಚಳಿ ದೇಶದ ಮಾತು. ನಮ್ಮ ಏಪ್ರಿಲ್ ಸೆಕೆಗೆ ಅದು ಹೊಂದುವುದಿಲ್ಲ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆಯಿರಿ. 16ರಿಂದ 18 ಡಿಗ್ರಿ ಇದ್ದರೆ ಸಾಕು. ಹೋಳಿಗೆ ಜೊತೆ ಮಾತ್ರ ಇವು ಯಾವುವೂ ಬೇಡ. ಸಿಹಿ ತಿಂದ ಬಾಯಿಗೆ ವೈನ್ ಬರೀ ಹುಳಿಯಾಗುತ್ತದೆ.

ನಾಟಿ ಕೋಳಿ ಸಾರಿಗೂ ಎಲ್ಲವನ್ನೂ ಇಟ್ಟು ನೋಡಿದೆ, ಯಾವುದೂ ಹೊಂದಲಿಲ್ಲ. ನಮ್ಮಮ್ಮನ ಖಾರದ ಪುಡಿ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಆ ಸಾರು ಮಾಡಿದ ದಿನ ಊಟಕ್ಕೆ ಮಜ್ಜಿಗೆ. ಬಾಟಲಿ ತೆಗೆಯುವುದು ಸಂಜೆ, ಹುರಿದ ಕಡಲೆಕಾಯಿ ಜೊತೆ.