ಘಟನೆಗೆ ಮುಂಚಿನ ಅರ್ಧ ಗಂಟೆ

ಹದಿನೆಂಟು ತುಂಬದವರ ಮೇಲಿನ ಅಪರಾಧ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯು ಪರಿವೀಕ್ಷಣೆಯ (ಪ್ರೊಬೇಷನ್, ಅಂದರೆ ನಡತೆಯ ಮೇಲೆ ನಿಗಾ ಇಡುವ) ಷರತ್ತಿನ ಮೇಲೆ ಮನೆಗೆ ಕಳುಹಿಸಿದ ಹುಡುಗರಿಗೆ ಗುಂಪು ಆಪ್ತಸಮಾಲೋಚನೆ ನಡೆಸಲು ನಾನು ಒಪ್ಪಿಕೊಂಡಾಗ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದ ಅನುಭವ ಮಾತ್ರ ನನಗಿತ್ತು. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಮಿನಡಿ ಮಂಡಳಿಯು ಗುಂಪು ಸಮಾಲೋಚನೆಗೆ ಹಾಜರಾಗುವಂತೆ ಆದೇಶಿಸಬಹುದು. ಗುಂಪಿನೊಳಗೆ ಏನು ನಡೆಯಬೇಕೆಂಬುದನ್ನು ನಡೆಸುವವರೇ ಕಂಡುಕೊಳ್ಳಬೇಕು. (ಹುಡುಗರ ಗುರುತನ್ನು ಕಾನೂನು ಕಾಪಾಡುವುದರಿಂದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ತಂಡದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಮಾಡಿದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆಂದು ನಂಬಿ, ಎಂಟು ಹುಡುಗರನ್ನೂ ಅವರವರ ಪ್ರಕರಣ ಹೇಳುವಂತೆ ಕೇಳಿದೆ. ಒಬ್ಬನು ಕೀ ಇಲ್ಲದೆ ಬೈಕ್ ಚಾಲೂ ಮಾಡಿದ ಬಗೆಯನ್ನು ವಿವರಿಸತೊಡಗಿದಾಗ, ಅಲ್ಲಿಯವರೆಗೆ ನೆಲ ನೋಡುತ್ತ ಕುಳಿತಿದ್ದವರೆಲ್ಲ ತಲೆಯೆತ್ತಿ, ನಕ್ಕು, ಪ್ರಶ್ನೆ ಕೇಳಲಾರಂಭಿಸಿದರು. ಮುಂದಿನ ವಾರದ ಹೊತ್ತಿಗೆ ಅವನು ಗುಂಪಿಗೆಲ್ಲ ಅಣ್ಣನಾಗಿದ್ದ. ಇಂಥ ಮಕ್ಕಳನ್ನು ಒಟ್ಟುಗೂಡಿಸಿದರೆ ಒಬ್ಬರ ಮೆಚ್ಚುಗೆಯೇ ಇನ್ನೊಬ್ಬರ ತಪ್ಪು ನಡತೆಯನ್ನು ಬಲಪಡಿಸಬಹುದೆಂದು ಅಮೆರಿಕದ ಮನೋವಿಜ್ಞಾನಿ ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲಿಯೇ ಎಚ್ಚರಿಸಿದ್ದರು. ಅದನ್ನು ನಾನು ಓದಿದ್ದು ಆ ತಂಡ ಮುಗಿದ ಮೇಲೆ.

ಎರಡನೆಯ ತಂಡದಿಂದ, ಒಂದೇ ಪ್ರಕರಣದಲ್ಲಿ ಸಿಕ್ಕವರನ್ನು ಬೇರೆ ಬೇರೆ ಗುಂಪಿಗೆ ಹಾಕಿದೆ. ಏನು ಮಾಡಿದೆಯೆಂದು ಕೇಳುವುದನ್ನು ಬಿಟ್ಟು, ಅದಕ್ಕೆ ಮುಂಚಿನ ಅರ್ಧ ಗಂಟೆಯನ್ನು ಮಾತ್ರ ಕೇಳಿದೆ: ಎಲ್ಲಿ ನಿಂತಿದ್ದೆ, ಯಾರು ಕರೆದರು, ಆಗ ಎದೆಯಲ್ಲಿ ಏನಾಗುತ್ತಿತ್ತು? ಆ ಅರ್ಧ ಗಂಟೆಯಲ್ಲಿ ಮೆರೆಯುವಂಥದ್ದು ಏನೂ ಇರುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದ ಹುಡುಗನೊಬ್ಬ, "ಬೈಕ್ ಬೇಕು ಅಂತ ಹತ್ತಿದ್ದಲ್ಲ ಮೇಡಂ, ಹತ್ತದಿದ್ರೆ ಪುಕ್ಕಲ ಅಂತಿದ್ರು" ಎಂದಾಗ, ಉಳಿದವರಲ್ಲಿ ಯಾರೂ ನಗಲಿಲ್ಲ.

ಅಲ್ಲಿಂದ ನಮ್ಮ ಕೆಲಸವೆಲ್ಲ ಒಂದೇ ಆಯಿತು: ಮಾನ ಕಳೆದುಕೊಳ್ಳದೆ ಬರುವುದಿಲ್ಲವೆನ್ನುವುದು ಹೇಗೆ? ನಾನು ಬರೆದುಕೊಂಡು ಹೋಗಿದ್ದ ಉತ್ತರಗಳನ್ನು ಅವರು ಒಂದೊಂದಾಗಿ ತಳ್ಳಿಹಾಕಿದರು. ಬೀದಿಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲವೆಂಬುದು ನಿಜವೇ ಆಗಿತ್ತು. ಇಬ್ಬಿಬ್ಬರು ಎದ್ದು ನಿಂತು, ಒಬ್ಬ ಕರೆಯುವವನಾಗಿ ಇನ್ನೊಬ್ಬ ತಪ್ಪಿಸಿಕೊಳ್ಳುವವನಾಗಿ, ಸಾಕೆನಿಸುವವರೆಗೂ ಅಭಿನಯಿಸಿದ ನಂತರ ಸಿಕ್ಕ ಮಾತು ಅವರದೇ: "ಅಪ್ಪನ ಹತ್ರ ಸೈನ್ ಹಾಕ್ಸ್ಕೊಂಡಿದಾರೆ ಕಣೋ, ನಾನ್ ಬಂದ್ರೆ ಅವ್ರು ಕೋರ್ಟಿಗೆ ಹೋಗ್ಬೇಕು." ಪರಿವೀಕ್ಷಣೆಗಾಗಿ ಪೋಷಕರು ಮಗನ ಒಳ್ಳೆಯ ನಡತೆಗೆ ಹೊಣೆ ಹೊತ್ತು ಬರೆದುಕೊಡುವ ಮುಚ್ಚಳಿಕೆಯನ್ನು ನಾನು ಬರಿಯ ಕಾಗದವೆಂದುಕೊಂಡಿದ್ದೆ, ಹುಡುಗರಿಗೆ ಅದು ಸ್ನೇಹಿತರ ಮುಂದೆ ತಲೆ ತಗ್ಗಿಸದೆ ಹಿಂದೆ ಸರಿಯುವ ದಾರಿಯಾಯಿತು.

ಹೀಗಾಗಿ ಈಗ ಎರಡನೆಯ ವಾರವೇ ಪೋಷಕರನ್ನೂ ಕರೆಸಿ, ಮಗ ನಿಮ್ಮ ಹೆಸರು ಹೇಳಿ ತಪ್ಪಿಸಿಕೊಂಡನೆಂದು ಯಾರಾದರೂ ಮನೆಗೆ ಬಂದು ವಿಚಾರಿಸಿದರೆ ಹೌದೆಂದೇ ಹೇಳಿರೆಂದು ಕೇಳಿಕೊಳ್ಳುತ್ತೇನೆ.